ಇಟಲಿಯಲ್ಲಿ ಸಾವಿತ್ರೆವ್ವನ ಕಾವಲು

ಔಷಧದ ಕಂಪನಿಯವರು ಪುಕ್ಕಟೆ ಇಟಲಿ ತೋರಿಸುತ್ತೇವೆಂದಾಗ ಸಾವಿತ್ರೆವ್ವ ಹಿರಿಹಿರಿ ಹಿಗ್ಗಿದ್ದಳು. ಅವಳ ಗಂಡ ಶಿವಯೋಗೆಪ್ಪನದು ಮಹಾರಾಷ್ಟ್ರದ ಜತ್ತದಲ್ಲಿ ದ್ರಾಕ್ಷಿಗೆ ಹೊಡೆಯುವ ಔಷಧದ ಅಂಗಡಿ; ಮಾರಾಟ ಚೆನ್ನಾಗಿದ್ದ ಅಂಗಡಿಕಾರರಿಗೆಲ್ಲ ಹೆಂಡತಿ ಸಮೇತ ಪ್ರವಾಸ. ಆದರೆ ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ಗೈಡ್ ಮರಾಠಿಯಲ್ಲಿ, ದಿನವಿಡೀ ವೈನರಿಗಳನ್ನೇ ನೋಡುವುದು, ಎಲ್ಲಾ ಕಡೆಯೂ ವೈನ್ ರುಚಿ ನೋಡಬಹುದು ಎಂದಾಗ ಆ ಹಿಗ್ಗೆಲ್ಲ ಇಳಿದುಹೋಯಿತು.

ಶಿವಯೋಗೆಪ್ಪ ಕುಡಿತ ಬಿಟ್ಟು ಎರಡು ವರ್ಷವಾಗಿತ್ತು. ಬಾಲಗಾಂವದ ಆಶ್ರಮದಲ್ಲಿ ಗುರುಗಳ ಪಾದ ಮುಟ್ಟಿ ಆಣೆ ಮಾಡಿ ಬಿಟ್ಟಿದ್ದ. ಅದಕ್ಕೂ ಮುಂಚಿನ ವರ್ಷಗಳನ್ನು ಅವಳು ನೆನೆಸಿಕೊಳ್ಳಲೂ ಒಲ್ಲಳು. ಈಗಲೂ ಅವನು ಬಚ್ಚಲಿಗೆ ಹೋಗಿ ತಡ ಮಾಡಿದರೆ ಬಾಗಿಲ ಬಳಿ ಸುಳಿದಾಡುವವಳು. ಅಂಥವಳನ್ನು ಶರಾಬಿನ ಸೀಮೆಗೇ ಕರೆತಂದರೆ ಹೇಗೆ ಸುಮ್ಮನಿದ್ದಾಳು?

ಮೊದಲ ವೈನರಿಯಲ್ಲಿ ಅವಳು ಪೀಪಾಯಿಗಳನ್ನು ನೋಡಲಿಲ್ಲ, ಗುಡ್ಡದ ಮೇಲಿನ ತೋಟ ನೋಡಲಿಲ್ಲ. ಗಂಡನ ಕೈಯನ್ನೇ ನೋಡಿದಳು. ಅವನೋ ಬಳ್ಳಿಯ ಎಲೆ ಮಗುಚಿ ರೋಗ ಹುಡುಕುತ್ತ ಹಾಯಾಗಿದ್ದ. ಎರಡನೆಯದರ ನೆಲಮಾಳಿಗೆಯಲ್ಲಿ ಗದ್ದಲವೋ ಗದ್ದಲ, ಅವನು ಕಣ್ಮರೆಯಾದ. ಜನರನ್ನು ತಳ್ಳಿಕೊಂಡು ಹೋದರೆ, ಮೂಲೆಯಲ್ಲಿ ನಿಂತು ಗ್ಲಾಸು ಎತ್ತಿದ್ದಾನೆ! ಸಾವಿತ್ರೆವ್ವ ಹಿಂದುಮುಂದು ನೋಡದೆ ಕಸಿದುಕೊಂಡು ಅಷ್ಟು ಜನರ ಮುಂದೆಯೇ ಮೂಸಿದಳು. ಬರೀ ನೀರು.

"ಯಾಕ್ರೀ ಅಕ್ಕಾರ, ನಿಮಗೂ ಒಂದ ತರಸ್ಲೇನು?" ಎಂದ ಮುಚ್ಚಂಡಿಯ ಅಂಗಡಿಕಾರ ಮಲ್ಲಿನಾಥ. ಎಲ್ಲರೂ ನಕ್ಕರು. ಶಿವಯೋಗೆಪ್ಪನ ಮುಖ ಸಪ್ಪಗಾಯಿತು.

ಬಸ್ಸಿನಲ್ಲಿ ಅವನು ಮೆಲ್ಲಗೆ ಹೇಳಿದ: "ಮುಂಜಾನಿಂದ ಅದನ್ನ ನೋಡಿ ನನಗೇನೂ ಅನಸಿದ್ದಿಲ್ಲ. ಈಗ ಕುಡೀಬೇಕ ಅನಸಾಕತ್ತೈತಿ. ನೀ ಮೂಸಿ ನೋಡಿದೆಲ್ಲಾ, ಆವಾಗಿಂದ."

ಆ ಮಾತು ಅವಳ ಕರುಳಿಗೇ ನಾಟಿತು. ಆದರೆ ಅವಳ ಹೆದರಿಕೆಯೂ ಸುಳ್ಳಾಗಿರಲಿಲ್ಲವಲ್ಲ.

ಕೊನೆಯ ವೈನರಿ ಬಂತು. ಎಲ್ಲರೂ ಇಳಿದರು.

"ನೀವು ಹೋಗಿ ಬರ್ರಿ. ನಾ ಇಲ್ಲೇ ಕುಂದರತೀನಿ," ಎಂದಳು.

"ನಾ ಒಬ್ಬನ?"

"ಹೂಂ ರೀ, ನೀವೊಬ್ಬರ."

ಅವನು ಅವಳನ್ನೊಮ್ಮೆ ದಿಟ್ಟಿಸಿ ಇಳಿದು ಹೋದ. ಸಾವಿತ್ರೆವ್ವ ಕಿಟಕಿಯ ಪರದೆ ಎಳೆದು ಮುಚ್ಚಿದಳು. ಕೂತಳು, ಎದ್ದಳು, ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿದಳು, ಬಸ್ಸಿನ ಬಾಗಿಲವರೆಗೆ ಹೋಗಿ ತಿರುಗಿ ಬಂದಳು. ವೈನರಿಯೊಳಗಿನಿಂದ ನಗೆ ಕೇಳಿಸಿದಾಗಲೆಲ್ಲ ಅವಳ ಜೀವ ಹಾರಿಹೋಗುತ್ತಿತ್ತು. ಆದರೂ ಇಳಿಯಲಿಲ್ಲ.

ಅಂತೂ ಅವನು ಬಂದು ಪಕ್ಕದಲ್ಲಿ ಕೂತ. ಅವಳು ಅವನ ಮುಖ ನೋಡಲಿಲ್ಲ, ಮೂಸಲು ಹತ್ತಿರ ಸರಿಯಲಿಲ್ಲ.

"ಹಸಿವಿ ಆಗಿದ್ರ ರೊಟ್ಟಿ ತಗೀಲೇನ್ರಿ?" ಎಂದಳಷ್ಟೆ.

ಶಿವಯೋಗೆಪ್ಪ ಕಾದ. ಅವಳು ಊರಿಂದ ತಂದ ರೊಟ್ಟಿಯ ಗಂಟು ಬಿಚ್ಚತೊಡಗಿದಳು.

"ಏ, ಕುಡದ್ರೇನ್ರಿ ಅಂತ ಕೇಳಬಾರದೇನ," ಎಂದ ಅವನು. ಗಂಟಿನ ಮೇಲೆ ಕೈಯಿಟ್ಟ. "ಇವತ್ತರೆ ಕೇಳ."