ಆಸ್ಟಿಯೋಪಥಿಯೇ ಯಾಕೆ?

ನನ್ನ ತಂಗಿಯ ಮಗಳು ಟೆಸ್ಸಾ ಡಾಕ್ಟರಾಗುತ್ತೇನೆಂದು ಹಟ ಹಿಡಿದು ಅರ್ಜಿ ಹಾಕುತ್ತಿದ್ದದ್ದು ಇದು ಮೂರನೆಯ ವರ್ಷ. ಈ ಸಲ ಒಂದೇ ಒಂದು ಆಸ್ಟಿಯೋಪಥಿ ಕಾಲೇಜು ಸಂದರ್ಶನಕ್ಕೆ ಕರೆದಿತ್ತು. ಇದೂ ಕೈತಪ್ಪಿದರೆ ಡಾಕ್ಟರಿಕೆಯ ಮಾತೇ ಎತ್ತುವುದಿಲ್ಲ, ಮೆಕ್ಕೆಜೋಳದ ಬೀಜ ಮಾರುತ್ತಾ ಕೂರುತ್ತೇನೆ ಎಂದು ಅವಳೇ ಹೇಳಿಬಿಟ್ಟಿದ್ದಳು. ಅದನ್ನು ಕೇಳಿದಾಗಿನಿಂದ ನನಗೆ ಊಟ ರುಚಿಸುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕೋಳಿಮರಿಗೂ ಪಟ್ಟಿ ಕಟ್ಟುತ್ತಿದ್ದ ಹುಡುಗಿ ಅದು.

ಸಂದರ್ಶನ ಕಂಪ್ಯೂಟರಿನಲ್ಲೇ. ಅವರ ಹೊಲದ ಮನೆಯಲ್ಲಿ ಇಂಟರ್ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ನಮ್ಮ ಮನೆಯ ಊಟದ ಮೇಜೇ ಗತಿಯಾಯಿತು. ತಯಾರಿಯ ಹೊಣೆಯನ್ನು ಯಾರೂ ಕೇಳದಿದ್ದರೂ ನಾನು ವಹಿಸಿಕೊಂಡೆ. ನಾನು ಶಾಲೆಯ ಬಸ್ ಓಡಿಸುವವಳು. ಕನ್ನಡಿಯಲ್ಲಿ ಒಮ್ಮೆ ನೋಡಿದರೆ ಹಿಂದಿನ ಸೀಟಿನಲ್ಲಿ ಯಾರು ಸುಳ್ಳು ಹೇಳುತ್ತಿದ್ದಾರೆಂದು ಗೊತ್ತಾಗುತ್ತದೆ.

ಆಸ್ಟಿಯೋಪಥಿ ಕಾಲೇಜಿನವರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಎಂ.ಡಿ. ಬಿಟ್ಟು ಇದೇ ಯಾಕೆ? ನಮ್ಮ ಮಿಸ್ಸೂರಿಯಲ್ಲಿ ಡಾಕ್ಟರಾಗಲು ಇವೆರಡೂ ದಾರಿಗಳೇ; ಇಬ್ಬರೂ ಔಷಧಿ ಬರೆಯುತ್ತಾರೆ, ಇಬ್ಬರೂ ಆಪರೇಷನ್ ಮಾಡುತ್ತಾರೆ. ಆಸ್ಟಿಯೋಪಥಿಯವರು ಅದರ ಜೊತೆಗೆ ಬೆನ್ನು, ಕುತ್ತಿಗೆ, ಪಕ್ಕೆಲುಬುಗಳನ್ನು ಕೈಯಿಂದ ಮುಟ್ಟಿ, ಒತ್ತಿ ಸರಿಮಾಡುವುದನ್ನೂ ಕಲಿಯುತ್ತಾರೆ. ಎಂ.ಡಿ. ಸೀಟು ಸಿಗದವರೆಲ್ಲ ತಮ್ಮ ಬಾಗಿಲಿಗೆ ಬರುತ್ತಾರೆಂಬ ಅನುಮಾನ ಅವರಿಗೆ ಇದ್ದೇ ಇರುತ್ತದೆ. ಟೆಸ್ಸಾ ಇದಕ್ಕೆ ಉತ್ತರ ಉರುಹೊಡೆದಿದ್ದಳು.

"ದೇಹ, ಮನಸ್ಸು ಮತ್ತು ಆತ್ಮ ಒಂದೇ ಘಟಕ ಎಂಬ ತತ್ತ್ವ ನನ್ನನ್ನು ಆಳವಾಗಿ ಸೆಳೆದಿದೆ" ಎಂದಳು.

"ಸುಳ್ಳು" ಎಂದೆ.

"ದೊಡ್ಡಮ್ಮ, ಎಲ್ಲರೂ ಹೀಗೇ ಹೇಳೋದು."

"ಅದಕ್ಕೇ ಹೇಳಿದ್ದು. ಇಂಥದ್ದು ಕೇಳಿದ್ರೆ ಸ್ಟೀರಿಂಗ್ ಹಿಡ್ಕೊಂಡೇ ನಿದ್ದೆ ಬರುತ್ತೆ ನಂಗೆ."

ನನ್ನ ಗಂಡ ಡೇಲ್ ಪ್ರೊಫೆಸರ್ ಪಾತ್ರ ವಹಿಸಿದ್ದ. ಸಾವಿನ ಮನೆಗೆ ಕಟ್ಟಿಕೊಂಡು ಹೋಗುವ ಟೈ ಕಟ್ಟಿದ್ದ, ಕೆಳಗೆ ಚಡ್ಡಿ.

"ನಿನ್ನ ದೌರ್ಬಲ್ಯ ಏನಮ್ಮಾ?" ಎಂದ ಗಂಭೀರವಾಗಿ.

"ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಬೇಕೆಂಬ ಅತಿಯಾಸೆ, ಸರ್."

"ಮೊನ್ನೆ ನನ್ನ ಪಿಕಪ್ ಬಾಗಿಲು ತೆಗೆದಿಟ್ಟು ಹೋದವಳು ಯಾರು ಹಂಗಾದ್ರೆ? ರಕೂನು ಒಳಗೆ ನುಗ್ಗಿ ನನ್ನ ಸ್ಯಾಂಡ್‌ವಿಚ್ ತಿಂದು ಹೋಯ್ತು."

"ಸುಮ್ನಿರ್ರೀ, ಪ್ರೊಫೆಸರು ರಕೂನ್ ವಿಷ್ಯ ಕೇಳ್ತಾರಾ?"

"ಅವರ ಸ್ಯಾಂಡ್‌ವಿಚ್ ಹೋಗಿದ್ರೆ ಕೇಳೋರು."

ಟೆಸ್ಸಾ ನಗಲಿಲ್ಲ. ತಲೆಯನ್ನು ಮೇಜಿನ ಮೇಲಿಟ್ಟು, "ನಿಜ ಹೇಳ್ಬೇಕು ಅಂದ್ರೆ ನನ್ನ ಹತ್ರ ಇರೋದು ಒಂದೇ ಒಂದು ಕಾರಣ, ದೊಡ್ಡಮ್ಮ. ಅದನ್ನ ಹೇಳಿದ್ರೆ ಜೋಕರ್ ಅಂತ ಎಬ್ಬಿಸಿ ಕಳಿಸ್ತಾರೆ" ಎಂದಳು. ಏನೆಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.

ಸಂದರ್ಶನದ ದಿನ ಡೇಲ್‌ನನ್ನು ನಾಯಿಯ ಜೊತೆ ಹೊರಗಟ್ಟಿದೆ. ನಾನು ಅಡುಗೆಮನೆಯ ಬಾಗಿಲ ಮರೆಯಿಂದ ಇಣುಕಿದೆ. ತೆರೆಯ ಮೇಲೆ ಇಬ್ಬರು: ಮುಗುಳ್ನಗುವ ಒಬ್ಬ ಹುಡುಗ ಡಾಕ್ಟರು, ನಗುವುದನ್ನು ಯಾವತ್ತೋ ಬಿಟ್ಟಂತಿದ್ದ ಡಾಕ್ಟರ್ ಆಶ್‌ಬರ್ನ್ ಎಂಬ ಹೆಂಗಸು. ಎಲ್ಲ ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ಟೆಸ್ಸಾ ನನ್ನ ಕಡೆ ಓರೆಗಣ್ಣು ಬೀರಿ, ಕಂಪ್ಯೂಟರಿನ ಮೂಲೆಯತ್ತ ಗಾಬರಿಯಿಂದ ಸನ್ನೆ ಮಾಡಿದಳು. ಚಾರ್ಜರ್ ಗೋಡೆಯಿಂದ ಕಳಚಿ ಬಿದ್ದಿತ್ತು, ಬ್ಯಾಟರಿ ಕೊನೆಯುಸಿರು ಎಳೆಯುತ್ತಿತ್ತು.

ಕ್ಯಾಮೆರಾಕ್ಕೆ ಕಾಣಬಾರದೆಂದು ಅಂಬೆಗಾಲಿಟ್ಟುಕೊಂಡು ಮೇಜಿನಡಿ ನುಗ್ಗಿದೆ. ಪ್ಲಗ್ಗೇನೋ ಸಿಕ್ಕಿಸಿದೆ. ಹಿಂದೆ ಸರಿಯಹೋದಾಗ ಬೆನ್ನು ಹಿಡಿದುಕೊಂಡಿತು. ಮಿಸ್ಸೂರಿಯ ಹಂದಿಗಳೆಲ್ಲ ನಾಚುವಂಥ ಸದ್ದೊಂದು ನನ್ನ ಬಾಯಿಂದ ಹೊರಟಿತು.

ಡಾಕ್ಟರ್ ಆಶ್‌ಬರ್ನ್ ಕನ್ನಡಕ ಸರಿಮಾಡಿಕೊಂಡಿರಬೇಕು, ದನಿ ಹಾಗಿತ್ತು. "ಕೋಣೆಯಲ್ಲಿ ಬೇರೆ ಯಾರಾದ್ರೂ ಇದಾರಾ? ನಿಮಗೆ ಉತ್ತರ ಹೇಳಿಕೊಡ್ತಿದಾರಾ?"

ಮುಗಿಯಿತು ಎಂದುಕೊಂಡೆ. ಹುಡುಗಿಯ ಬದುಕನ್ನು ಕೈಯಾರೆ ಹಾಳುಮಾಡಿದೆನಲ್ಲ ಎಂದು ನನಗೆ ಅಳು ಬಂತು.

"ನಮ್ಮ ದೊಡ್ಡಮ್ಮ, ಮೇಡಂ. ಮೇಜಿನ ಕೆಳಗಿದಾರೆ. ಚಾರ್ಜರ್ ಹಾಕೋಕೆ ಬಂದು ಬೆನ್ನು ಹಿಡ್ಕೊಂಡಿದೆ."

"ಹೇಳ್ಕೊಡೋಷ್ಟು ನಂಗೇನೂ ಗೊತ್ತಿಲ್ಲ, ಡಾಕ್ಟ್ರೇ" ಎಂದೆ ಕೆಳಗಿನಿಂದ. "ಅವಳದೇನೂ ತಪ್ಪಿಲ್ಲ."

"ಎರಡು ನಿಮಿಷ ಕೊಡ್ತೀರಾ?" ಎಂದು ಟೆಸ್ಸಾ ಒಪ್ಪಿಗೆಗೂ ಕಾಯದೆ ಕೆಳಗಿಳಿದಳು. ಒತ್ತಲಿಲ್ಲ, ತಿರುಗಿಸಲಿಲ್ಲ, ಅದು ಕಲಿತವರು ಮಾಡುವ ಕೆಲಸ. ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಉರುಳಿಸಿ ಮಲಗಿಸಿ, ಮೊಣಕಾಲುಗಳ ನಡುವೆ ಕುರ್ಚಿಯ ದಿಂಬು ಇಟ್ಟು, ಸೊಂಟದ ಮೇಲೆ ಅಂಗೈ ಇಟ್ಟಳು. "ಇಲ್ಲೇನಾ ನೋವು? ಕಾಲು ಜೋಮು ಹಿಡಿತಿಲ್ಲ ತಾನೆ? ಉಸಿರು ಬಿಡು ದೊಡ್ಡಮ್ಮ, ನಾನಿಲ್ಲೇ ಇದೀನಿ." ನಾನು ಉಸಿರು ಬಿಟ್ಟೆ. ಅವಳು ಎದ್ದು ಕುರ್ಚಿಯಲ್ಲಿ ಕೂತಳು.

"ಸರಿ" ಎಂದರು ಡಾಕ್ಟರ್ ಆಶ್‌ಬರ್ನ್. "ಆಸ್ಟಿಯೋಪಥಿಯೇ ಯಾಕೆ?"

"ದೇಹ, ಮನಸ್ಸು ಮತ್ತು..." ಟೆಸ್ಸಾ ನಿಲ್ಲಿಸಿದಳು. ನಾನು ಅವಳ ಪಾದಗಳನ್ನೇ ನೋಡುತ್ತಿದ್ದೆ. ಒಂದರ ಮೇಲೊಂದು ಹತ್ತಿ ಕೂತಿದ್ದವು.

"ನಮ್ಮೂರಲ್ಲಿರೋದು ಒಬ್ರೇ ಡಾಕ್ಟರು, ಪ್ರೂಯಿಟ್ ಅಂತ. ಅವರು ಆಸ್ಟಿಯೋಪಥಿಯವರು. ಏನೇ ಕಾಯಿಲೆ ಅಂತ ಹೋದ್ರೂ ಮೊದಲು ಮಲಗಿಸಿ ಬೆನ್ನು ಮುಟ್ಟಿ ನೋಡ್ತಾರೆ. ಡಾಕ್ಟರುಗಳೆಲ್ಲ ಹಂಗೇ ಅಂದ್ಕೊಂಡಿದ್ದೆ. ಕಾಲೇಜಿಗೆ ಸಿಟಿಗೆ ಹೋದಾಗ ಗಂಟಲು ನೋವು ಬಂತು. ಅಲ್ಲಿನ ಡಾಕ್ಟರ ಹತ್ರ ಹೋಗಿ, ಶೂ ಬಿಚ್ಚಿ, ಮಂಚದ ಮೇಲೆ ಬೋರಲಾಗಿ ಮಲಗ್ಬಿಟ್ಟೆ."

ಟೆಸ್ಸಾ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು.

"ಅವರು ಒಳಗೆ ಬಂದು, 'ಗಂಟಲು ನೋವು ಅಂತ ಬರೆದಿದೀರಿ, ಯಾಕೆ ಹಿಂಗೆ ಮಲಗಿದೀರಿ?' ಅಂದ್ರು. 'ನೀವು ಶುರುಮಾಡ್ಲಿ ಅಂತ' ಅಂದೆ. ಅವರು ಹೋಗಿ ನರ್ಸ್ ಕರ್ಕೊಂಡು ಬಂದ್ರು."

ಹುಡುಗ ಡಾಕ್ಟರು ಕಿಸಕ್ಕೆಂದ. ಮೇಜಿನಡಿ ನಾನು ದಿಂಬು ಕಚ್ಚಿಕೊಂಡೆ.

"ಒಳ್ಳೆಯವರೇ ಮೇಡಂ. ಗಂಟಲಿಗೆ ಬೆಳಕು ಬಿಟ್ಟು ನೋಡಿ ಔಷಧಿ ಬರೆದ್ರು, ವಾಸಿಯಾಯ್ತು. ಆದ್ರೆ ಒಂದ್ಸಲಾನೂ ನನ್ನ ಮುಟ್ಟಲಿಲ್ಲ. ಮನೆಯಿಂದ ಅಷ್ಟು ದೂರ, ಜ್ವರ ಬೇರೆ. ರೂಮಿಗೆ ವಾಪಸ್ ಬಂದ್ಮೇಲೂ, ಡಾಕ್ಟರ ಹತ್ರ ಇನ್ನೂ ಹೋಗೇ ಇಲ್ಲ ಅನ್ನಿಸ್ತಿತ್ತು. ಅದಕ್ಕೇ."

ಆ ಸಲ ಅವಳು ಫೋನಿನಲ್ಲಿ "ಸ್ವಲ್ಪ ಗಂಟಲು ನೋವು ಅಷ್ಟೇ" ಎಂದಿದ್ದಳು, ನಾನು ನಂಬಿದ್ದೆ. ಕನ್ನಡಿಯಲ್ಲಿ ಸುಳ್ಳು ಹಿಡಿಯುವವಳು ಫೋನಿನಲ್ಲಿ ಮೋಸ ಹೋಗಿದ್ದೆ.

ಡಾಕ್ಟರ್ ಆಶ್‌ಬರ್ನ್, "ದೊಡ್ಡಮ್ಮ ಈಗ ಹೇಗಿದಾರೆ?" ಎಂದು ಕೇಳಿದರು.

"ಪರವಾಗಿಲ್ಲ, ಡಾಕ್ಟ್ರೇ" ಎಂದೆ.

"ಮುಂದಿನ ಸಂದರ್ಶನಕ್ಕೆ ಪ್ಲಗ್ ಮೊದಲೇ ನೋಡ್ಕೊಳ್ಳಿ."

"ಮುಂದಿನದು ಬೇರೆ ಇದೆಯಾ?" ಎಂದೆ.

"ಈ ಹುಡುಗಿಗೆ ಬೇಕಾಗಲ್ಲ ಅನ್ಸುತ್ತೆ" ಎಂದರು ಅವರು.

ಡೇಲ್ ಒಳಗೆ ಬಂದಾಗ ನಾನಿನ್ನೂ ನೆಲದ ಮೇಲೇ ಮಲಗಿ ಅಳುತ್ತಿದ್ದೆ. ಬೆನ್ನು ನೋವು ಎಂದು ಹೇಳಿದೆ.