ಜೋತಾಡುತ್ತಿದ್ದ ತುದಿ

ಕಾಗದವನ್ನು ಮಗಳೇ ಮಡಚಿ, ಲಕೋಟೆಗೆ ಹಾಕಿ, ನನ್ನ ಅಂಗಿಯ ಜೇಬಿಗೆ ತುರುಕಿದಳು. ಗಾಲಿಕುರ್ಚಿಯಲ್ಲಿ ಕೂತವಳ ಕೈಗೆ ಜೇಬು ಎಟುಕಲೆಂದು ನಾನು ಬಗ್ಗಿದ್ದೆ.

"ಎರಡು ಕಡೆ ಸಹಿ. ಪೆನ್ಸಿಲ್‌ನಲ್ಲಿ ಗುರುತು ಹಾಕಿದೀನಿ. ಅವನ ಹತ್ರ ಕೂತ್ಕೊಂಡು ಪುರಾಣ ಬಿಚ್ಚಬೇಡ ಅಪ್ಪ. ಹಾಕಿಸ್ಕೊಂಡು ಸೀದಾ ಮನೆಗೆ ಬಾ" ಎಂದಳು.

ಗಂಡ ಹೆಂಡತಿ ಬೇರೆಯಾಗುವ ಕಾಗದ ಅದು. ಮಾವನೇ ಹೋಗಿ ಅಳಿಯನ ಸಹಿ ಹಾಕಿಸಿಕೊಂಡು ಬರುವುದನ್ನು ಎಲ್ಲಾದರೂ ಕೇಳಿದ್ದೀರಾ? ಆದರೆ ಅವಳಿಗೆ ಅವನ ಮುಖ ನೋಡುವುದು ಬೇಡ, ಮನೆಯಲ್ಲಿ ನಡೆದಾಡುವವನು ನಾನೊಬ್ಬನೇ. ಅವಳಮ್ಮ ಹೋಗಿ ಇಪ್ಪತ್ತೈದು ವರ್ಷವಾಯಿತು.

ಇನ್ನೊಂದು ವಿಷಯ ಮಗಳಿಗೆ ಗೊತ್ತಿರಲಿಲ್ಲ. ಸಹಿ ಬೀಳುವ ಮೊದಲು ನಾನು ಅಳಿಯನಿಗೆ ಒಂದು ಮಾತು ಹೇಳಬೇಕೆಂದಿದ್ದೆ. ಹೇಳಿದ್ದರೆ ಆ ಸಹಿ ಬೀಳದೆಯೂ ಹೋಗಬಹುದಿತ್ತು. ಹದಿನಾಲ್ಕು ತಿಂಗಳಿಂದ ಹೊಟ್ಟೆಯಲ್ಲಿಟ್ಟುಕೊಂಡ ಮಾತು ಅದು.

ನಾನು ಶೂ ರಿಪೇರಿ ಮಾಡುವವನು. ಗೋಡೆ ಹತ್ತುವವರ ಶೂಗಳಿಗೆ ಅಟ್ಟೆ ಬದಲಿಸುವುದು ಈ ಊರಿನಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೂ ಬರುವುದಿಲ್ಲ. ಜಂಬವಲ್ಲ, ಬೇರೆ ಯಾರೂ ಆ ಕೆಲಸಕ್ಕೆ ಕೈ ಹಾಕಿಲ್ಲ. ಹಳೆಯ ರಬ್ಬರನ್ನು ಬಿಸಿ ಮಾಡಿ ಕೀಳಬೇಕು, ತಳ ಉಜ್ಜಬೇಕು, ಎರಡು ಸಲ ಅಂಟು ಹಚ್ಚಿ ಆರಬಿಟ್ಟು ಹೊಸ ರಬ್ಬರನ್ನು ಒತ್ತಬೇಕು, ಆಮೇಲೆ ಹೆಬ್ಬೆರಳಿನ ಅಂಚನ್ನು ಚೂರಿಯಲ್ಲಿ ಕೂದಲೆಳೆಯಷ್ಟು ಕೆತ್ತಬೇಕು. ಆ ಅಂಚಿನ ಮೇಲೇ ಅವರು ಇಡೀ ಮೈಭಾರ ಹಾಕಿ ನಿಲ್ಲುವುದು. ಇದನ್ನೆಲ್ಲ ನಾನು ಕಲಿತದ್ದು ಮಗಳ ಕಾಟಕ್ಕೆ. ಚಿಕ್ಕಂದಿನಲ್ಲಿ ಅವಳು ನನ್ನ ಅಂಗಡಿಯ ಕಪಾಟುಗಳನ್ನು ಹತ್ತಿ ಮೇಲಿನ ಅರೆಯಲ್ಲಿ ಕೂತುಬಿಡುತ್ತಿದ್ದಳು. ಗಿರಾಕಿಗಳು ಬೆಚ್ಚಿಬೀಳುತ್ತಿದ್ದರು. "ಹಲ್ಲಿ" ಅಂತ ಹೆಸರಿಟ್ಟೆ. ದೊಡ್ಡವಳಾಗಿ ಗೋಡೆ ಹತ್ತುವ ಆಟದ ಜಿಮ್ ಸೇರಿದಳು, ಅಲ್ಲೇ ಕಲಿಸುವವನನ್ನು ಮದುವೆಯಾದಳು. ಒಂಬತ್ತು ವರ್ಷ ಅವಳು ಹತ್ತಿದಳು, ಅವನು ಕೆಳಗೆ ನಿಂತು ಹಗ್ಗ ಹಿಡಿದ.

ಜಿಮ್ ಎಂದರೆ ಹಳೆಯ ಗೋದಾಮು. ಒಳಗೆ ಕಾಲಿಟ್ಟರೆ ಬೆವರು, ರಬ್ಬರು, ಕೈಗೆ ಬಳಿದುಕೊಳ್ಳುವ ಬಿಳಿ ಪುಡಿ, ಮೂರರದ್ದೂ ಸೇರಿದ ವಾಸನೆ. ಎಡಕ್ಕೆ ಗಿಡ್ಡ ಗೋಡೆಗಳು, ಹಗ್ಗವಿಲ್ಲದೆ ಹತ್ತಿ, ಬಿದ್ದರೆ ಸೊಂಟದೆತ್ತರದ ಹಾಸಿಗೆಯ ಮೇಲೆ ಬೀಳುವಂಥವು. ಬಲಕ್ಕೆ ದೊಡ್ಡ ಗೋಡೆ, ನಾಲ್ಕು ಮಹಡಿಯಷ್ಟು ಎತ್ತರ, ಮೈತುಂಬ ಹಳದಿ, ನೀಲಿ, ಕೆಂಪು ಹಿಡಿಗಳು. ಅದರ ತುದಿಯಿಂದ ಹಗ್ಗಗಳು ಇಳಿಬಿದ್ದಿರುತ್ತವೆ. ಆ ಕಡೆಯ ನೆಲಕ್ಕೆ ಹಾಸಿಗೆ ತೆಳು, ಹಗ್ಗ ಇದೆಯಲ್ಲ ಎಂಬ ಧೈರ್ಯ.

ಕೌಂಟರಿನ ಹೆಂಗಸು ನನ್ನನ್ನು ಕಂಡು ಎದ್ದು ನಿಂತಳು. ಮೇಜಿನ ಕೆಳಗಿಂದ ಒಂದು ಚೀಲ ತೆಗೆದು ಮುಂದಿಟ್ಟಳು. "ಆರು ಜೊತೆ ಶೂ ಇದೆ ಅಂಕಲ್. ನೀವು ಬರಲ್ಲ ಅಂತ ಯಾರ ಕೈಲಾದ್ರೂ ಕಳಿಸೋಣ ಅಂದ್ಕೊಂಡಿದ್ವಿ" ಎಂದಳು. ಚೀಲ ತೆಗೆದುಕೊಂಡೆ. ಮಗಳ ಬೆನ್ನು ಮುರಿದ ಜಾಗದಿಂದ ಕೆಲಸ ಹೊತ್ತುಕೊಂಡು ಹೋಗುವಷ್ಟು ನಾಚಿಕೆಗೆಟ್ಟವನು ನಾನು ಎಂದು ಅವಳು ಅಂದುಕೊಂಡಿದ್ದರೆ ತಪ್ಪಿಲ್ಲ.

ಅಳಿಯ ದೊಡ್ಡ ಗೋಡೆಯ ಬುಡದಲ್ಲಿದ್ದ. ಯಾವುದೋ ಆಫೀಸಿನ ಏಳೆಂಟು ಜನ ಸುತ್ತ ನಿಂತಿದ್ದರು. ಮಗಳು ಬೀಳುವ ಮುಂಚೆ ಅವನು ಕಲಿಸುವಾಗ ನಗಿಸುತ್ತಿದ್ದ. ಈಗ ಮುಖ ಇಸ್ತ್ರಿ ಮಾಡಿದ ಹಾಗೆ. ಆವತ್ತಿನಿಂದ ಗೋಡೆಗೆ ಅವನು ಕಾಲಿಟ್ಟಿಲ್ಲವಂತೆ, ಹಗ್ಗ ಮುಟ್ಟಿಲ್ಲವಂತೆ, ಗಂಟು ನೋಡುವುದನ್ನು ಕಲಿಸುವುದೊಂದೇ ಕೆಲಸವಂತೆ. ನನಗೆ ಕೈಸನ್ನೆ ಮಾಡಿ ಬೆಂಚು ತೋರಿಸಿದ. ಕೂತೆ. ಅದೇ ಬೆಂಚು.

ಹೊಟ್ಟೆ ಬೆಳೆಸಿದ ಮ್ಯಾನೇಜರ್ ಒಬ್ಬ ಸೊಂಟದ ಪಟ್ಟಿಯೊಳಗೆ ಸಿಕ್ಕಿಹಾಕಿಕೊಂಡು ಉಸ್ಸೆನ್ನುತ್ತಿದ್ದ. ಹಗ್ಗದಲ್ಲಿ ಮೊದಲು ಎಂಟರ ಆಕಾರದ ಗಂಟು, ಆಮೇಲೆ ಅದರ ತುದಿಯನ್ನು ಪಟ್ಟಿಯೊಳಗೆ ತೂರಿಸಿ, ಅದೇ ಎಂಟರ ದಾರಿಯಲ್ಲೇ ವಾಪಸ್ಸು ತರಬೇಕು. ಆಗ ಮಾತ್ರ ಗಂಟು ಪೂರ್ತಿ.

"ಅರ್ಧಕ್ಕೆ ನಿಲ್ಸಿದ್ರೆ ಏನಾಗುತ್ತೆ?" ಎಂದು ಆಫೀಸಿನ ಹುಡುಗಿಯೊಬ್ಬಳು ಕೇಳಿದಳು.

"ಹತ್ತೋವಾಗ ಏನೂ ಆಗಲ್ಲ" ಎಂದ ಅಳಿಯ. "ಹಗ್ಗ ಜೊತೆಗೇ ಬರುತ್ತೆ. ಮೇಲೆ ಹೋಗಿ, ಇಳಿಯೋಕೆ ಅಂತ ಹಿಂದಕ್ಕೆ ಒರಗ್ತೀರಲ್ಲ, ಆವಾಗ ಕಳಚ್ಕೊಳ್ಳುತ್ತೆ. ಅದಕ್ಕೇ ಜೊತೆಗಾರ ಕೈಯಿಂದ ಮುಟ್ಟಿ ನೋಡ್ಬೇಕು, ಕಣ್ಣಲ್ಲಿ ಅಲ್ಲ. ಮುಟ್ಟೋಕೆ ಮುಂಚೆನೂ ಒಂದು ಗುರುತಿದೆ. ಗಂಟು ಮುಗಿದಿದ್ರೆ ತುದಿ ಒಂದು ಗೇಣು ಉಳಿಯುತ್ತೆ. ಮೊಣಕಾಲವರೆಗೆ ಜೋತಾಡ್ತಿದ್ರೆ ಮುಗಿದಿಲ್ಲ ಅಂತ. ಕುರುಡನಿಗೂ ಕಾಣುತ್ತೆ."

ನನಗೆ ಕಂಡಿತ್ತು.

ಆ ದಿನ ಅಟ್ಟೆ ಹಾಕಿದ ಅವಳ ಶೂಗಳನ್ನು ತಂದು ಇದೇ ಬೆಂಚಿನಲ್ಲಿ ಕೂತಿದ್ದೆ. ಅವಳು ಗೋಡೆಯ ಬುಡದಲ್ಲಿ ಗಂಟು ಹಾಕಿಕೊಳ್ಳುತ್ತಿದ್ದಳು. "ಹಲ್ಲೀ, ಬಾ ಇಲ್ಲಿ, ಹಾಕಿ ನೋಡು" ಎಂದು ಕರೆದೆ. ತಡೆಯಲಾಗಲಿಲ್ಲ, ಒಳ್ಳೆಯ ಕೆಲಸ ಮಾಡಿದ್ದೆ, ಹೊಗಳಿಸಿಕೊಳ್ಳಬೇಕಿತ್ತು. ಕೈಯಲ್ಲಿದ್ದ ಗಂಟನ್ನು ಹಾಗೇ ಬಿಟ್ಟು, ಹಗ್ಗ ಎಳೆದುಕೊಂಡೇ ಬಂದಳು. ಹಾಕಿಕೊಂಡು, "ಎಡಗಡೆ ಹೆಬ್ಬೆರಳು ಕಚ್ಚುತ್ತೆ" ಎಂದಳು. "ಹೊಸದಲ್ವಾ, ಬಿಡುತ್ತೆ" ಎಂದೆ. "ಅಪ್ಪ, ಹತ್ತೋಳು ನಾನು. ನಿಂಗೇನೂ ಗೊತ್ತಾಗಲ್ಲ, ಸುಮ್ನಿರು" ಎಂದಳು.

ಅದಕ್ಕೂ ಎರಡು ವರ್ಷ ಮುಂಚೆ, ನಾನು ಮೊದಲ ಸಲ ಇಲ್ಲಿಗೆ ಬಂದಾಗ, ಮೇಲೆ ನೇತಾಡುತ್ತಿದ್ದವನನ್ನು ನೋಡಿ ಜೀವ ಬಾಯಿಗೆ ಬಂದು "ಅಯ್ಯೋ, ಹಗ್ಗ ಬಿಗಿ ಹಿಡೀರೋ!" ಎಂದು ಕೂಗಿದ್ದೆ. ಅವನು ಬೇಕೆಂದೇ ನೇತಾಡುತ್ತಿದ್ದನಂತೆ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಮಗಳು ಕಿವಿಯವರೆಗೆ ಕೆಂಪಾಗಿ, "ಇಲ್ಲಿ ಶೂ ಬಿಟ್ಟು ಬೇರೆ ಯಾವುದಕ್ಕೂ ಬಾಯಿ ಹಾಕ್ಬೇಡ" ಎಂದಿದ್ದಳು.

ಅವಳು ಗೋಡೆಯ ಕಡೆ ವಾಪಸ್ಸು ನಡೆದಾಗ ಹಗ್ಗದ ತುದಿ ಮೊಣಕಾಲಿಗೆ ಬಡಿಯುತ್ತಿತ್ತು. ಎದುರಿಗಿದ್ದ ಅಳಿಯನಿಗೆ ಗಂಟು ಅವಳ ದೊಗಳೆ ಅಂಗಿಯಡಿ, ತುದಿ ಕಾಲಿನ ಆ ಕಡೆ ಮರೆಯಾಗಿತ್ತು, ಪಕ್ಕದಲ್ಲಿದ್ದ ನನಗೆ ಮರೆಯಾಗಿರಲಿಲ್ಲ. ನಲವತ್ತು ವರ್ಷ ಹೊಲಿಗೆ ನೋಡಿದ ಕಣ್ಣು ಇದು, ಬಿಟ್ಟುಕೊಂಡ ಎಳೆ ಮೊದಲು ಕಾಣುತ್ತದೆ. ಇಷ್ಟುದ್ದ ಯಾಕೆ ಬಿಟ್ಟಿದ್ದಾಳೆ ಎಂದು ಅನ್ನಿಸಿತು. ಕೇಳಲು ಬಾಯಿ ತೆರೆದೆ. ಏನೂ ಗೊತ್ತಾಗಲ್ಲ ಅಂದಳಲ್ಲ, ಸರಿ, ನನಗ್ಯಾಕೆ, ಎಂದು ಮುಚ್ಚಿದೆ. ಅಷ್ಟೇ. ಹೊಟ್ಟೆಯಲ್ಲಿದ್ದದ್ದು ಒಂದು ಚಿಟಿಕೆ ಸಿಟ್ಟು. ಅವಳು ಹೆಬ್ಬೆರಳೆತ್ತಿ ತೋರಿಸಿದಳು, ಅವನು ಹೆಬ್ಬೆರಳೆತ್ತಿದ, ಒಂಬತ್ತು ವರ್ಷದ ಅಭ್ಯಾಸ. ನಾನು ಕೂತು ನೋಡಿದೆ. ಗೋಡೆಯ ತುದಿ ಮುಟ್ಟಿದವಳು ನನ್ನ ಕಡೆ ತಿರುಗಿ ಎಡಗಾಲು ಅಲ್ಲಾಡಿಸಿದಳು, ಶೂ ಕಚ್ಚುವುದು ಬಿಟ್ಟಿತು ಎಂದು ಹೇಳುವವಳಂತೆ. ಆಮೇಲೆ ಹಿಂದಕ್ಕೆ ಒರಗಿದಳು.

ಅವಳಿಗೆ ಆ ದಿನದ ನೆನಪು ಒಂದಿಷ್ಟೂ ಉಳಿದಿಲ್ಲ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟು "ನೀನೆಲ್ಲಿದ್ದೆ ಅಪ್ಪ?" ಎಂದು ಕೇಳಿದಾಗ, "ಕೌಂಟರಿನಲ್ಲಿ ಶೂ ಕೊಟ್ಟು ಹೊರಟಿದ್ದೆ" ಎಂದುಬಿಟ್ಟೆ. ಆ ಸುಳ್ಳು ಹೇಗೆ ಬಾಯಿಗೆ ಬಂತೋ, ಅಷ್ಟು ಸಲೀಸಾಗಿ. ಗಂಟು ಮುಟ್ಟಿ ನೋಡದ ಗಂಡ ಒಬ್ಬನೇ ತಪ್ಪಿತಸ್ಥನಾಗಿ ಉಳಿದ. ತನ್ನ ಕಣ್ಣೆದುರು ಬರಬೇಡ ಎಂದು ಅವನನ್ನು ಕಳಿಸಿದಳು.

ಪಾಠ ಮುಗಿಸಿ ಅಳಿಯ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಮೊದಲು ನಾನು ಅವನನ್ನು ನೀನು ಎನ್ನುತ್ತಿದ್ದೆ. ಈಗ ಬಾಯಿಗೆ ಬರುವುದು ನೀವು.

"ಕಾಗದ ತಂದಿದೀನಿ" ಎಂದೆ. "ಸಹಿ ಹಾಕೋಕೆ ಮುಂಚೆ ನಿಮಗೆ ಒಂದು ಮಾತು ಹೇಳ್ಬೇಕು."

"ಹೇಳಿ ಮಾವ."

"ಆವತ್ತು ಗಂಟು ಹಾಕ್ತಿದ್ದವಳನ್ನ ಕರೆದದ್ದು ನಾನು. ನಾನು ಕರೀದಿದ್ರೆ ಗಂಟು ಪೂರ್ತಿಯಾಗ್ತಿತ್ತು."

ಅವನು ಅಂಗೈಯ ಬಿಳಿ ಪುಡಿಯನ್ನು ಉಜ್ಜುತ್ತ ಕೂತಿದ್ದ. "ಗೊತ್ತು" ಎಂದ. "ನೋಡಿದ್ನಲ್ಲ, ಇಲ್ಲೇ ಕೂತಿದ್ರಿ. ಆಸ್ಪತ್ರೇಲಿ ಅವಳು, ಅಪ್ಪ ಕೌಂಟರಿನಲ್ಲಿ ಶೂ ಕೊಟ್ಟು ಹೋಗಿದ್ರಂತೆ ಅಂದ್ಲು. ನಾನು ಸುಮ್ಮನಾದೆ."

"ಯಾಕೆ? ಯಾಕ್ರೀ ಸುಮ್ಮನಾದ್ರಿ?"

"ಅವಳನ್ನ ಎತ್ತಿ ಕೂರಿಸೋರು ಯಾರು? ಸ್ನಾನ ಮಾಡಿಸೋರು ಯಾರು? ನನ್ನ ಕೈ ಸೋಕಿದ್ರೆ ಕಿರಿಚ್ತಿದ್ಲು. ನಿಮ್ಮ ಮೇಲೂ ಹಾಗೇ ಆದ್ರೆ ಅವಳಿಗೆ ಯಾರಿರ್ತಾರೆ?" ಅವನ ದನಿ ಏರಿತು, ತಾನೇ ತಗ್ಗಿಸಿಕೊಂಡ. "ಮತ್ತೆ ಕರೆದದ್ದು ತಪ್ಪಾ ಮಾವ? ಅಪ್ಪ ಮಗಳನ್ನ ಕರೀದೆ ಇನ್ಯಾರನ್ನ ಕರೀತಾನೆ? ಗಂಟಿನ ವಿಷಯ ನಿಮಗೇನು ಗೊತ್ತು? ನಿಮ್ಮ ಕಣ್ಣಿಗೆ ಬಿದ್ದಿದ್ರೆ ನೀವು ಬಿಡ್ತಿದ್ರಾ? ಗೊತ್ತಿದ್ದೋನು ನಾನು. ಮುಟ್ಟಿ ನೋಡದೆ ಇದ್ದೋನು ನಾನು."

ಆಗ ಹೇಳಬೇಕಿತ್ತು. ಬಿದ್ದಿತ್ತು ಕಣಪ್ಪಾ, ನನ್ನ ಕಣ್ಣಿಗೆ ಬಿದ್ದಿತ್ತು ಎಂದು. ಅವನು ನನ್ನನ್ನು ನೋಡುತ್ತಿದ್ದ, ಕಣ್ಣಲ್ಲಿ ನನ್ನ ಮೇಲೆ ಒಂದಿಷ್ಟು ಕನಿಕರವಿತ್ತು. ಈ ಲೋಕದಲ್ಲಿ ನನ್ನನ್ನು ಕ್ಷಮಿಸಿದವನು ಅವನೊಬ್ಬ. ಪೂರ್ತಿ ಹೇಳಿದರೆ ಆ ನೋಟ ಏನಾಗುತ್ತದೆಂದು ಗೊತ್ತಿತ್ತು. ಮಗಳನ್ನು ಎತ್ತುವವರು ಯಾರು ಎಂಬ ನೆಪ ಅವನೇ ಕೈಗೆ ಕೊಟ್ಟಿದ್ದ. ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನಾನು ಹೇಡಿ, ಇದಕ್ಕೆ ಬೇರೆ ಹೆಸರಿಲ್ಲ.

"ಅಷ್ಟೇನಾ ಹೇಳ್ಬೇಕಿದ್ದಿದ್ದು?" ಎಂದ.

"ಅಷ್ಟೇ" ಎಂದೆ.

ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಪೆನ್ಸಿಲ್ ಗುರುತಿನ ಕಡೆ ಎರಡು ಸಹಿ ಹಾಕಿದ. ಗುರುತು ಅವಳದ್ದೇ ಎಂದು ತಿಳಿದಿರಬೇಕು, ಅದರ ಮೇಲೆ ಒಂದು ಸಲ ಬೆರಳಾಡಿಸಿದ. "ಒಬ್ಬಳೇ ಕೂತ್ಕೊಳ್ತಾಳಾ ಈಗ?" ಎಂದು ಕೇಳಿದ.

"ಕೂತ್ಕೊಳ್ತಾಳೆ. ಕೈಲಿ ಕಸುವು ಹಾಗೇ ಇದೆ."

"ಇರುತ್ತೆ" ಎಂದ. ಮುಖ ಆ ಕಡೆ ತಿರುಗಿಸಿಕೊಂಡ. ಮ್ಯಾನೇಜರ್ ಗೋಡೆಯ ಮೇಲೆ ಆಳೆತ್ತರಕ್ಕೆ ಹೋಗಿ ಸಿಕ್ಕಿಬಿದ್ದು ಸಹಾಯಕ್ಕೆ ಕೂಗುತ್ತಿದ್ದ, ಆಫೀಸಿನವರು ನಗುತ್ತಿದ್ದರು. ಅಳಿಯ ಎದ್ದು ಹೋದ. ಹಗ್ಗ ಮುಟ್ಟದೆಯೇ, ಕಾಲು ಎಲ್ಲಿಡಬೇಕೆಂದು ಕೆಳಗಿನಿಂದ ಹೇಳತೊಡಗಿದ.

ಮನೆ ಮುಟ್ಟಿದಾಗ ಮಗಳು ಕೆಲಸದ ಮೇಜಿನ ಹತ್ತಿರವೇ ಇದ್ದಳು. ಅಂಗಡಿಯನ್ನು ಮನೆಯ ಮುಂದಿನ ಕೋಣೆಗೆ ತಂದುಕೊಂಡಿದ್ದೇನೆ, ದಿನವಿಡೀ ಅವಳೊಬ್ಬಳನ್ನೇ ಬಿಡುವಂತಿಲ್ಲವಲ್ಲ. ಲಕೋಟೆ ಬಿಚ್ಚಿ ಸಹಿಗಳನ್ನು ನೋಡಿದಳು. ಕಾಗದದ ಅಂಚಿಗೆ ಅವನ ಬೆರಳುಗಳ ಬಿಳಿ ಗುರುತು ಹತ್ತಿತ್ತು. ಒರೆಸಲು ಹೋದವಳು ಒರೆಸದೆ ಬಿಟ್ಟಳು.

"ಏನಾದ್ರೂ ಅಂದ್ನಾ?"

"ಒಬ್ಬಳೇ ಕೂತ್ಕೊಳ್ತಾಳಾ ಅಂತ ಕೇಳಿದ."

"ಇನ್ನೇನೂ ಹೇಳಲಿಲ್ವಾ? ಗಂಟು ಯಾಕೆ ನೋಡ್ಲಿಲ್ಲ ಅಂತ?"

"ಇಲ್ಲ."

ಚೀಲಕ್ಕೆ ಕೈ ಹಾಕಿ ಒಂದು ಶೂ ತೆಗೆದಳು. ನಾನು ಯಂತ್ರದಿಂದ ಬಿಸಿ ಮಾಡಿ ಇಕ್ಕಳ ಹಾಕಿ ಕೀಳುವ ಅಟ್ಟೆಯನ್ನು ಅವಳು ಬರಿಗೈಯಲ್ಲೇ ಕಿತ್ತಳು, ಅಂಥ ಬೆರಳುಗಳು ಅವು. ಕೀಳುತ್ತಲೇ ಅತ್ತಳು. ಹದಿನಾಲ್ಕು ತಿಂಗಳಲ್ಲಿ ಅವಳು ನನ್ನೆದುರು ಅತ್ತದ್ದು ಅದೇ ಮೊದಲು.

"ನೀನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಿದ್ರೆ ನಾನು ಬೀಳ್ತಾನೇ ಇರ್ಲಿಲ್ಲ ಅಪ್ಪ" ಎಂದಳು. "ರಸ್ತೆ ಆ ಕಡೆ ಹೋಗೋರ ಅಂಗೀಲಿ ದಾರ ಬಿಟ್ಕೊಂಡಿದ್ರೂ ನಿನ್ನ ಕಣ್ಣಿಗೆ ಬೀಳುತ್ತೆ. ನಿಂಗೆ ಕಂಡೇ ಕಾಣ್ತಿತ್ತು. ನನ್ನ ಹಣೆಬರಹ, ನೀನು ಹೊರಟುಬಿಟ್ಟಿದ್ದೆ."

ನಾನು ಅಂಟಿನ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದೆ. ಮುಚ್ಚಳ ಕೈಜಾರಿ ನೆಲಕ್ಕೆ ಬಿದ್ದು ಉರುಳಿತು. ಬಗ್ಗಿ ಹುಡುಕುವ ನೆಪದಲ್ಲಿ ಮೇಜಿನ ಕೆಳಗೇ ಸ್ವಲ್ಪ ಹೊತ್ತು ಉಳಿದೆ. ಎದುರಿಗೆ ಅವಳ ಪಾದಗಳಿದ್ದವು, ನಾನೇ ಬೆಳಿಗ್ಗೆ ಕಾಲುಚೀಲ ಹಾಕಿದ್ದವು. ಎದ್ದಾಗ ಅವಳು ಕಣ್ಣೊರೆಸಿಕೊಂಡು ಶೂವನ್ನು ನನ್ನ ಮುಂದೆ ಹಿಡಿದಿದ್ದಳು.

"ಇಲ್ಲಿ ಹೊಲಿಗೆ ಬಿಟ್ಕೊಂಡಿದೆ ನೋಡು. ಕಾಣ್ತಾ?"

"ಕಾಣ್ತು" ಎಂದೆ.