ಸಹಿಯಿಲ್ಲದ ಅರ್ಥ

ಬಹುಭಾಷಾ ನಿಘಂಟು ಕಚೇರಿಯಲ್ಲಿ ಒಂದು ಕಟ್ಟಳೆಯಿತ್ತು: ಪ್ರತಿ ಅರ್ಥದ ಚೀಟಿಗೂ ಬರೆದವರದೊಂದು, ಪರಿಶೀಲಿಸಿದವರದೊಂದು ಸಹಿ ಬೇಕು, ಇಲ್ಲದಿದ್ದರೆ ಅದು ಅಚ್ಚಾಗದು. ಮೂವತ್ತು ವರ್ಷ ಗಂಡ ಬರೆದ, ಹೆಂಡತಿ ತಿದ್ದಿದಳು. ಮನೆಯಲ್ಲೂ ಅದೇ ಪದ್ಧತಿಯಂತೆ ಎಂದು ಉಳಿದವರು ನಗುತ್ತಿದ್ದರು.

ಅವಳು ತೀರಿಕೊಂಡ ಮರುವಾರ ಅವನ ಮೇಜಿನ ಮೇಲೆ ‘ಗಿಫ್ಟ್’ ಪದದ ಚೀಟಿಗಳಿದ್ದವು. ‘ಕೊಡು’ ಎಂಬ ಒಂದೇ ಬೇರಿನಿಂದ ಹುಟ್ಟಿದ ಪದ. ಇಂಗ್ಲಿಷಿನಲ್ಲಿ ಉಡುಗೊರೆ, ಜರ್ಮನ್ನಿನಲ್ಲಿ ವಿಷ, ಸ್ವೀಡಿಷಿನಲ್ಲಿ ವಿಷವೂ ಹೌದು, ‘ಮದುವೆಯಾದ’ ಎಂದೂ ಹೌದು. ‘ಮದುವೆಯಾದ’ ಎಂಬ ಈ ಕೊನೆಯ ಅರ್ಥದ ಚೀಟಿಗೆ ಮಾತ್ರ ಅವಳು ಸಹಿ ಹಾಕಿರಲಿಲ್ಲ.

“ಇದನ್ನ ಅವಸರದಲ್ಲಿ ಒಪ್ಪೋಕಾಗಲ್ಲ ಕಣ್ರೀ. ಒಂದ್ಸಲ ಅವಸರಪಟ್ಟು ಇನ್ನೂ ಅನುಭವಿಸ್ತಿದೀನಿ” ಎಂದು ನಕ್ಕು ಅದನ್ನು ಎತ್ತಿಟ್ಟಿದ್ದಳು. ಮರುದಿನವೇ ಹಾಸಿಗೆ ಹಿಡಿದಳು.

ಸಂಪಾದಕರು ಬಂದು ಪೆನ್ನಿನ ಮುಚ್ಚಳ ತೆಗೆದರು. “ಸಂಜೆ ಅಚ್ಚಿಗೆ ಹೋಗ್ಬೇಕು. ಕೊಡಿ, ನಾನೇ ಸಹಿ ಹಾಕ್ತೀನಿ.”

ಅವನು ಚೀಟಿಯನ್ನು ಜೇಬಿಗಿಟ್ಟುಕೊಂಡ.

“ಯಾಕ್ರೀ? ಅರ್ಥ ಸರಿಯಾಗೇ ಇದೆಯಲ್ಲ!”

“ಸರಿಯಾಗಿದೆ ಸರ್. ನೋಡಬೇಕಾದವಳು ನೋಡ್ಲಿಲ್ಲ. ಉಳಿದೆರಡನ್ನೇ ಅಚ್ಚು ಮಾಡಿ.”